ಮೊಳೆಗೆ ತೂಗಿದ ಲೋಟ

ಹನ್ನೊಂದು ವರ್ಷದಿಂದ ನಾನು ಒಂದೇ ಸುಳ್ಳನ್ನು ಹೇಳಿ ಹೊಟ್ಟೆ ಹೊರೆಯುತ್ತಿದ್ದೇನೆ. ಬೆಳಿಗ್ಗೆ ತ್ರಿಯೆಸ್ತೆ ಪಟ್ಟಣದ ರೈಲು ನಿಲ್ದಾಣದ ಮುಂದೆ ಹನ್ನೆರಡು ಜನರನ್ನು ಚಿಕ್ಕ ಬಸ್ಸಿಗೆ ಹತ್ತಿಸಿಕೊಳ್ಳುತ್ತೇನೆ. ಕಡಲ ದಂಡೆಯ ಎರಡು ಕೋಟೆ ತೋರಿಸಿ, ಮಧ್ಯಾಹ್ನ ಗುಡ್ಡದ ಮೇಲಿನ ಯಾವುದಾದರೊಂದು ಮನೆಯಲ್ಲಿ ವೈನ್ ಕುಡಿಸಿ, ಸಂಜೆ ಆರಕ್ಕೆ ಅದೇ ನಿಲ್ದಾಣಕ್ಕೆ ತಂದು ಇಳಿಸುತ್ತೇನೆ. ಗೈಡೂ ನಾನೇ, ಡ್ರೈವರೂ ನಾನೇ. ಸುಳ್ಳು ಬರುವುದು ಎರಡನೆಯ ಕೋಟೆಯಲ್ಲಿ. ದುಯಿನೊ ಕೋಟೆಯ ಬುರುಜಿನ ಕೆಳಗೆ ನಿಂತು, ಧ್ವನಿ ತಗ್ಗಿಸಿ ಹೇಳುತ್ತೇನೆ: "ನಮ್ಮ ತಾತ ಇಲ್ಲೇ ಉಗ್ರಾಣದ ಅಧಿಕಾರಿಯಾಗಿದ್ದರು. ಇಡೀ ಕೋಟೆಯ ಬೀಗದಕೈ ಅವರ ಸೊಂಟದಲ್ಲಿ."

ಜನ ಮರುಳಾಗುತ್ತಾರೆ. ಊರಿಗೆ ಹೋಗಿ, ಕೋಟೆಯ ಮನೆತನದ ಗೈಡ್ ಸಿಕ್ಕಿದ್ದ ಎಂದು ಬರೆಯುತ್ತಾರೆ. ಅದನ್ನು ಓದಿ ಇನ್ನಷ್ಟು ಜನ ಬರುತ್ತಾರೆ.

ನಿಜ ಏನೆಂದರೆ, ನಮ್ಮ ತಾತ ಆ ಕೋಟೆಯ ಹಿಂಬಾಗಿಲಿಗೆ ವೈನ್ ಪೀಪಾಯಿ ಹೊತ್ತು ಹಾಕುತ್ತಿದ್ದವನು. ಒಳಗಿನ ಒಂದು ಕೋಣೆಯನ್ನೂ ಅವನು ಕಂಡವನಲ್ಲ. ನಮ್ಮ ದ್ರಾಕ್ಷಿ ಬೆಳೆಯುವುದು ಕಡಲಿಗೆ ಇಳಿಯುವ ಕಡಿದಾದ ಗುಡ್ಡದಲ್ಲಿ, ಕಲ್ಲು ಕಟ್ಟಿ ಮಾಡಿದ ಮೆಟ್ಟಿಲುಗದ್ದೆಗಳಲ್ಲಿ. ಐವತ್ತು ವರ್ಷ ಬುಟ್ಟಿ ಬೆನ್ನಿಗೇರಿಸಿ ಅಲ್ಲಿಂದ ಹಣ್ಣು ಹೊತ್ತು ತಂದು ತಾತನ ಬೆನ್ನು ಎಷ್ಟು ಬಾಗಿಹೋಗಿತ್ತೆಂದರೆ, ಅವನ ಮುಖ ನೋಡಲು ನಾನೂ ನನ್ನಣ್ಣನೂ ನೆಲಕ್ಕೆ ಕುಕ್ಕರಗಾಲಲ್ಲಿ ಕೂರಬೇಕಿತ್ತು.

ಆ ಮೆಟ್ಟಿಲುಗದ್ದೆಗಳು ಈಗ ನನ್ನಣ್ಣ ಲೋಯ್ಜೆಯವು. ನಮ್ಮ ಕಡೆ ವೈನ್ ಮಾಡುವ ಮನೆಯವರು ವರ್ಷದಲ್ಲಿ ಕೆಲವು ವಾರ ತಮ್ಮ ಅಂಗಳದಲ್ಲೇ ಅದನ್ನು ಮಾರುತ್ತಾರೆ. ಕೂಡುರಸ್ತೆಯಲ್ಲಿ ಸೊಪ್ಪಿನ ಕೊಂಬೆಯೊಂದನ್ನು ತೂಗುಹಾಕಿ, ಅದರ ಜೊತೆಗೆ ಮನೆಯ ಕಡೆ ಬಾಣದ ಗುರುತು ಇಡುತ್ತಾರೆ. ಪೀಪಾಯಿ ಬರಿದಾದ ದಿನ ಕೊಂಬೆ ಇಳಿಸುತ್ತಾರೆ. ಅಣ್ಣನ ಕೊಂಬೆ ತೂಗುವ ವಾರಗಳಲ್ಲಿ ನಾನು ಬಸ್ಸನ್ನು ಬೇರೆ ಕಡೆ ತಿರುಗಿಸುತ್ತೇನೆ. ಅವನಲ್ಲಿಗೆ ಹೋಗುವುದು ಭಾನುವಾರ, ಒಬ್ಬನೇ. ಯಾಕೆ ಎಂದು ಅವನು ಒಮ್ಮೆಯೂ ಕೇಳಿರಲಿಲ್ಲ.

ಈ ಮೇ ತಿಂಗಳ ಒಂದು ಗುರುವಾರ ನನ್ನ ಗ್ರಹಚಾರ ಕೆಟ್ಟಿತು. ನಾನು ನಂಬಿಕೊಂಡಿದ್ದ ಮನೆಯವರು ವೈನ್ ಮುಗಿದು ಕೊಂಬೆ ಇಳಿಸಿಬಿಟ್ಟಿದ್ದರು. ಬಸ್ಸಿನಲ್ಲಿದ್ದವರು ಬೊಲೋನ್ಯ ನಗರದ ನಿವೃತ್ತರು. ಬೆಳಿಗ್ಗೆಯಿಂದ ಕೋಟೆ ಹತ್ತಿ ಇಳಿದು ಅವರ ಗಂಟಲು ಒಣಗಿತ್ತು. ಮುಂದಿನ ಸೀಟಿನಲ್ಲಿದ್ದ ಒರ್ನೆಲ್ಲಾ ಎಂಬ ಟೀಚರಮ್ಮ ಕೂಡುರಸ್ತೆಯಲ್ಲಿ ಕಿರುಚಿದರು: "ಅಗೋ! ಅಲ್ಲೊಂದು ಕೊಂಬೆ! ರಾದೊ, ತಿರುಗಿಸಪ್ಪಾ!"

ಹಿಂದಿನ ಹನ್ನೊಂದು ಜನವೂ ಚಪ್ಪಾಳೆ ತಟ್ಟಿದರು. ಬಾಣ ನೋಡಿದೆ. ನಮ್ಮ ಮನೆಯದು. ಅಣ್ಣ ಮುಂದಿನ ವಾರ ತೆರೆಯಬೇಕಿದ್ದವನು ಈಗಲೇ ತೆರೆದಿದ್ದ. ಹಿಂದಿನ ದಿನ ಅವನ ಫೋನ್ ಬಂದಿತ್ತು; ನಾನು ಬುರುಜಿನ ಕೆಳಗೆ ಬೀಗದಕೈ ಕತೆ ಹೇಳುತ್ತಿದ್ದೆ, ಎತ್ತಿರಲಿಲ್ಲ.

"ಅಲ್ಲಿ ಅಷ್ಟು ಚೆನ್ನಾಗಿರಲ್ಲ ಮೇಡಂ," ಎಂದೆ.

"ಚೆನ್ನಾಗಿಲ್ದಿದ್ರೆ ಎರಡು ಲೋಟ ಜಾಸ್ತಿ ಕುಡಿತೀವಿ, ಸರಿಹೋಗುತ್ತೆ. ತಿರುಗಿಸು!"

ತಿರುಗಿಸಿದೆ.

ಅಣ್ಣ ಅಂಗಳದಲ್ಲೇ ಇದ್ದ. ಮೊಣಕಾಲುದ್ದದ ರಬ್ಬರ್ ಬೂಟು, ಕೆಂಪು ಮಣ್ಣು ಮೆತ್ತಿದ ಅಂಗಿ, ಮುಂದಿನ ಎರಡು ಹಲ್ಲಿಲ್ಲದ ಬಾಯಿ. ನನ್ನ ಬಸ್ಸು ಕಂಡು ಅವನ ಮುಖ ಊರಗಲವಾಯಿತು. ಕೊನೆಗೂ ತಮ್ಮ ತನ್ನ ಜನರನ್ನು ಮನೆಗೆ ಕರೆತಂದ ಎಂದುಕೊಂಡಿರಬೇಕು. ಎರಡೂ ಕೈ ಚಾಚಿಕೊಂಡು ಬಂದ. "ಲೋ..." ಎಂದು ಬಾಯಿ ತೆರೆದ.

ನಾನು ಅಡ್ಡಬಾಯಿ ಹಾಕಿದೆ. "ನಮಸ್ಕಾರ ಯಜಮಾನರೇ! ಹದಿಮೂರು ಜನ ಇದೀವಿ. ಜಾಗ ಸಿಗುತ್ತಾ?"

ಚಾಚಿದ ಕೈಗಳು ಹಾಗೇ ಒಂದು ಗಳಿಗೆ ಗಾಳಿಯಲ್ಲಿ ನಿಂತವು. ಆಮೇಲೆ ಅವನು ಅವನ್ನು ಅಂಗಿಗೆ ಒರೆಸಿಕೊಂಡ, ಒರೆಸಲಿಕ್ಕೆಂದೇ ಎತ್ತಿದ್ದವನಂತೆ.

"ಸಿಗುತ್ತೆ ಸ್ವಾಮಿ. ಬನ್ನಿ, ಮರದ ಕೆಳಗೆ ನೆರಳಿದೆ, ಕೂತ್ಕೊಳ್ಳಿ."

ಒಡಹುಟ್ಟಿದ ಅಣ್ಣ ನನ್ನನ್ನು ಸ್ವಾಮಿ ಎಂದ. ಕತ್ತಿನಿಂದ ಕಿವಿಯವರೆಗೆ ಬಿಸಿ ಹತ್ತಿತು. ಆದರೂ ಕೂತೆ.

ಬಿಳಿ ವೈನಿನ ಹೂಜಿಗಳು ಬಂದವು, ಮನೆಯ ಹಂದಿಮಾಂಸ, ಚೀಸ್, ಬೇಯಿಸಿದ ಮೊಟ್ಟೆ ಬಂದವು. ಕೆಳಗೆ ಕಡಲು ಹೊಳೆಯುತ್ತಿತ್ತು. ಬೊಲೋನ್ಯದವರು ಕುಡಿದು, ಹೊಗಳಿ, ಮತ್ತೆ ಕುಡಿದರು. ಇಷ್ಟು ಒಳ್ಳೆಯ ವೈನ್ ಈ ವರ್ಷ ನಾನು ಯಾರಿಗೂ ಕುಡಿಸಿರಲಿಲ್ಲ. ಒರ್ನೆಲ್ಲಾ ಮೇಡಂ ಅಣ್ಣನನ್ನು ತಡೆದು ನಿಲ್ಲಿಸಿದರು.

"ಯಜಮಾನರೇ, ನಮ್ಮ ರಾದೊ ಯಾರ ಮನೆಯವನು ಗೊತ್ತಾ? ಇವನ ತಾತ ಆ ಕೋಟೇಲಿ ದೊಡ್ಡ ಅಧಿಕಾರಿ ಅಂತೆ! ನೀವು ನೋಡಿದ್ರಾ ಅವರನ್ನ?"

ಅಣ್ಣನ ಕೈಯಲ್ಲಿ ಮೊಟ್ಟೆಯ ತಟ್ಟೆ ಇತ್ತು. ಅದನ್ನು ಮೆಲ್ಲಗೆ ಮೇಜಿನ ಮೇಲಿಟ್ಟ. ಈಗ ನನ್ನ ಮಾನ ಹರಾಜಾಯಿತು ಎಂದುಕೊಂಡೆ. ಆಗಿಬಿಡಲಿ ಎಂದೂ ಅನಿಸಿತು.

"ನೋಡದೆ ಏನು ಮೇಡಂ," ಎಂದ. "ಚಿಕ್ಕವನಿದ್ದಾಗ ದಿನಾ ನೋಡ್ತಿದ್ದೆ. ಎಂಥಾ ಆಳು ಅಂತೀರಿ! ಬೆನ್ನು ಅಂದ್ರೆ ಕಂಬ ನೆಟ್ಟ ಹಾಗೆ, ನೆಟ್ಟಗೆ." ಆಮೇಲೆ ನನ್ನ ಕಡೆ ನೋಡಿದ. "ಮೊಮ್ಮಗ ಸಾಹೇಬ್ರು ಮಾತ್ರ ಯಾಕೋ ಬಗ್ಗಿಬಿಟ್ಟಿದಾರೆ."

ಎಲ್ಲರೂ ನಕ್ಕರು. ನಾನು ನಿಜವಾಗಿಯೂ ಲೋಟದ ಮೇಲೆ ಬಗ್ಗಿ ಕೂತಿದ್ದೆ. ನಾನೂ ನಕ್ಕೆ. ಆ ನಗು ಈಗ ನೆನಪಾದರೂ ಮೈ ಮುದುಡುತ್ತದೆ.

ಕೂರಲಾರದೆ, ಖಾಲಿ ಹೂಜಿಯ ನೆವ ಮಾಡಿಕೊಂಡು ನೆಲಮಾಳಿಗೆಗೆ ಇಳಿದೆ. ಪೀಪಾಯಿಗಳ ಮೇಲಿನ ಗೋಡೆಯಲ್ಲಿ ನಾಲ್ಕು ಮೊಳೆ, ನಾಲ್ಕು ತಗಡಿನ ಲೋಟ: ತಾತನದು, ಅಪ್ಪನದು, ಅಣ್ಣನದು, ನನ್ನದು. ನಮ್ಮ ಮನೆಯ ಗಂಡಸರು ಕುಡಿಯುವುದು ಅವುಗಳಲ್ಲೇ. ಹೊರಗಿನವರಿಗೆ ಗಾಜಿನ ಲೋಟ. ತಾತನ ಮತ್ತು ಅಪ್ಪನ ಲೋಟಗಳ ಮೇಲೆ ಧೂಳಿತ್ತು. ನನ್ನದು ಆಗಷ್ಟೇ ತೊಳೆದು ಒರೆಸಿದಂತಿತ್ತು. ಕೈ ಚಾಚಿದೆ.

"ಸ್ವಾಮಿ," ಹಿಂದಿನಿಂದ ಅಣ್ಣನ ದನಿ. "ಅದು ಮನೆಯವರ ಲೋಟ. ನಿಮ್ಮದು ಹೊರಗೆ ಮೇಜಿನ ಮೇಲಿದೆ."

ಅಲ್ಲಿ ನಾವಿಬ್ಬರೇ ಇದ್ದೆವು. ನಾಟಕ ನೋಡಲು ಒಂದು ನರಪಿಳ್ಳೆಯೂ ಇರಲಿಲ್ಲ. ಅವನು ಹೂಜಿ ತುಂಬಿ ನನ್ನ ಕೈಗೆ ಕೊಟ್ಟು, ನಾನು ಮೊದಲು ಮೆಟ್ಟಿಲು ಹತ್ತಲಿ ಎಂದು ಪಕ್ಕಕ್ಕೆ ಸರಿದು ನಿಂತ.

ಇಳಿಜಾರಿನಲ್ಲಿ ಬಸ್ಸು ಓಡಿಸುವಾಗ ಒರ್ನೆಲ್ಲಾ ಮೇಡಂ ಕೇಳಿದರು, "ಪಾಪ, ಒಳ್ಳೆ ಮನುಷ್ಯ. ಒಬ್ಬನೇ ಎಲ್ಲಾ ಮಾಡ್ತಾನಲ್ಲ, ಅವನಿಗೆ ಯಾರೂ ಇಲ್ವಾ?"

"ನಂಗೊತ್ತಿಲ್ಲ ಮೇಡಂ," ಎಂದೆ.

ಅವರನ್ನೆಲ್ಲ ನಿಲ್ದಾಣದಲ್ಲಿ ಇಳಿಸಿ, ಸೀದಾ ಗುಡ್ಡಕ್ಕೆ ವಾಪಸ್ಸಾದೆ. ಇನ್ನೂ ಬೆಳಕಿತ್ತು. ಅಣ್ಣ ಮೇಜು ಒರೆಸುತ್ತಿದ್ದ.

"ಎಷ್ಟು ಜನ ಸ್ವಾಮಿ?" ಎಂದ, ತಲೆ ಎತ್ತದೆ.

"ಒಬ್ಬನೇ ಅಣ್ಣ. ತಪ್ಪಾಯ್ತು. ನನಗೆ ನಾಚಿಕೆಯಾಗ್ತಿದೆ ಕಣೋ."

"ಆ ನಾಚಿಕೆ ಇವತ್ತಿನದು," ಎಂದ. "ಹನ್ನೊಂದು ವರ್ಷದಿಂದ ನಿನಗೆ ನಾಚಿಕೆ ಆಗ್ತಿದ್ದದ್ದು ನನ್ನ ಬಗ್ಗೆ, ತಾತನ ಬಗ್ಗೆ. ನನಗೆ ಗೊತ್ತಿರಲಿಲ್ವಾ? ಗೊತ್ತಿದ್ದೂ ಸುಮ್ನಿದ್ದೆ."

"ನನ್ನ ಲೋಟ ಕೊಡು ಅಣ್ಣ."

ಅವನು ಬಟ್ಟೆ ಹಿಂಡಿ ಬೆಂಚಿನ ಮೇಲೆ ಹರವಿದ. "ನಿನ್ನ ಲೋಟ ಎಲ್ಲೂ ಹೋಗಿಲ್ಲ ರಾದೊ. ನಾಳೆ ನಿನ್ನ ಹನ್ನೆರಡು ಜನರನ್ನ ಕರ್ಕೊಂಡು ಬಾ. ಅವರ ಮುಂದೇನೇ ಮೊಳೆಯಿಂದ ತೆಗೆದು ಕೊಡ್ತೀನಿ. ಅವರ ಮುಂದೇನೇ ಕುಡಿ."

"ಆಯ್ತು," ಎಂದೆ. ತಾತನ ಆಣೆ ಹಾಕಿದೆ.

ಇವತ್ತಿಗೆ ಒಂಬತ್ತು ದಿನ. ಪೀಪಾಯಿ ಇನ್ನೂ ಬರಿದಾಗಿಲ್ಲ, ಅಣ್ಣನ ಕೊಂಬೆ ಕೂಡುರಸ್ತೆಯಲ್ಲಿ ಹಾಗೇ ತೂಗುತ್ತಿದೆ. ದಿನಾ ಹನ್ನೆರಡು ಜನರನ್ನು ಕೂರಿಸಿಕೊಂಡು ಅದರ ಕೆಳಗೇ ಹಾದು ಹೋಗುತ್ತೇನೆ. ಯಾರಾದರೊಬ್ಬರು ಅಗೋ ಕೊಂಬೆ ಎಂದು ಕೈ ತೋರಿಸಿಯೇ ತೋರಿಸುತ್ತಾರೆ.

"ಅದನ್ನ ಇಳಿಸೋಕೆ ಮರೆತಿದಾರೆ," ಎನ್ನುತ್ತೇನೆ. "ಆ ಮನೇಲಿ ವೈನ್ ಮುಗಿದುಹೋಗಿದೆ."