ಡಸ್ಟರಿನ ವಿಡಿಯೊ

“ನಿಮ್ಮ ಕಡೆ ಎತ್ತಿ ಸಾರ್, ಗೋಡೆಗೆ ತಾಗುತ್ತೆ!” ಎಂದು ಡ್ರಾಯಿಂಗ್ ಮೇಷ್ಟ್ರು ಕೆಳಗಿನ ಮೆಟ್ಟಿಲಿಂದ ಕೂಗಿದರು. ಹೊಸ ಮೇಷ್ಟ್ರು ಬೆಂಚಿನ ತುದಿಯನ್ನು ಎದೆಮಟ್ಟಕ್ಕೆ ಎತ್ತಿಕೊಂಡು ಹಿಂದುಹಿಂದಕ್ಕೆ ಮೆಟ್ಟಿಲು ಹತ್ತಿದರು. ಗಣಿತದ ಟೀಚರು ತೀರಿಕೊಂಡ ಮನೆಗೆ ಬೆಳಿಗ್ಗೆಯಿಂದ ಜನ ಬರುತ್ತಲೇ ಇದ್ದರು. ಕುರ್ಚಿ ಸಾಲದೆ ಶಾಲೆಯಿಂದ ಎಂಟನೇ ತರಗತಿಯ ಬೆಂಚು ತರಿಸಿದ್ದರು. ಮೂವತ್ತನಾಲ್ಕು ವರ್ಷ ಇಂಥ ಬೆಂಚುಗಳ ಮುಂದೆ ನಿಂತು ಲೆಕ್ಕ ಹೇಳಿಕೊಟ್ಟವರು ಈಗ ನಡುಮನೆಯಲ್ಲಿ ಬಿಳಿ ಹೊದಿಕೆಯಡಿ ಮಲಗಿದ್ದರು.

ಹೊಸ ಮೇಷ್ಟ್ರು ಶಾಲೆಗೆ ಸೇರಿ ಮೂರು ವರ್ಷವಾಗಿತ್ತು. ಅವರ ನಂತರ ಇನ್ಯಾರೂ ಬಾರದ ಕಾರಣ ಹೊಸಬರಾಗಿಯೇ ಉಳಿದುಬಿಟ್ಟಿದ್ದರು. ಕಂಪ್ಯೂಟರು ಕೆಟ್ಟರೆ ಅವರೇ, ಪ್ರಿಂಟರು ಹಟ ಹಿಡಿದರೆ ಅವರೇ, ಹೆಡ್ಮಾಸ್ಟರ ಫೋನು ಮುನಿಸಿಕೊಂಡರೂ ಅವರೇ. ಇವತ್ತು ಹೂವಿಟ್ಟು ಬೇಗ ಹೊರಟುಬಿಡಬೇಕೆಂದುಕೊಂಡಿದ್ದರು. ಟೀಚರ ಮುಖ ನೋಡಲು ಅವರಿಗೆ ಮುಖವಿರಲಿಲ್ಲ.

ಬೆಂಚು ಇಳಿಸುತ್ತಿದ್ದಂತೆ ಟೀಚರ ಮಗಳು ಎದುರು ಬಂದಳು.

“ಸಾರ್, ಅಮ್ಮ ಮಾತಾಡಿರೋದು ಏನಾದ್ರೂ ನಿಮ್ಮ ಫೋನಲ್ಲಿ ಇದೆಯಾ? ನಮ್ಮ ಹತ್ರ ಇರೋದೆಲ್ಲ ಬರೀ ಫೋಟೋ. ಅಪ್ಪ ಫೋಟೋ ಇಟ್ಕೊಂಡು ಏನು ಮಾಡ್ತಾರೆ?”

ಅಪ್ಪ ಹೆಂಡತಿಯ ತಲೆಯ ಬಳಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಗಡಿಯಾರ ರಿಪೇರಿಯವರು. ಕಣ್ಣು ಹೋಗಿ ಆರು ವರ್ಷ. ಜನ್ಮವಿಡೀ ಗಡಿಯಾರಗಳ ನಾಡಿ ಹಿಡಿದ ಕಿವಿ ಮಾತ್ರ ಇನ್ನೂ ಚುರುಕಾಗಿತ್ತು.

“ಇಲ್ಲಮ್ಮ, ಇದ್ದ ಹಾಗಿಲ್ಲ,” ಎಂದರು ಹೊಸ ಮೇಷ್ಟ್ರು.

“ಅಯ್ಯೋ, ಇದೆಯಲ್ಲ ಸಾರ್, ಡಸ್ಟರಿಂದು!” ಡ್ರಾಯಿಂಗ್ ಮೇಷ್ಟ್ರು ಬೆವರು ಒರೆಸಿಕೊಳ್ಳುತ್ತ ನಡುವೆ ಬಾಯಿ ಹಾಕಿದರು. ಅವರ ಬಾಯಿಗೆ ಬಾಗಿಲಿದ್ದುದನ್ನು ಕಂಡವರಿಲ್ಲ.

“ಅದು ಅಳಿಸಿಹೋಗಿದೆ.”

“ಹೇಗೆ ಅಳಿಸಿಹೋಗುತ್ತೆ? ಸ್ಕೂಲಿನ ವಾಟ್ಸಾಪ್ ಗ್ರೂಪಲ್ಲಿ ಹಾಗೇ ಇದೆ. ನೀವೇ ತಾನೇ ಹಾಕಿದ್ದು!”

ಮಗಳ ಮುಖ ಬೆಳಿಗ್ಗೆಯಿಂದ ಮೊದಲ ಸಲ ಅರಳಿತು. ಹೊಸ ಮೇಷ್ಟ್ರಿಗೆ ನೆಲ ಬಾಯಿಬಿಟ್ಟರೆ ಇಳಿದುಹೋಗೋಣ ಎನ್ನಿಸಿತು.

*

ಆ ವಿಡಿಯೊ ತರಗತಿಗಳಿಗೆ ಸ್ಮಾರ್ಟ್ ಬೋರ್ಡು ಬಂದ ವಾರದ್ದು. ಹೊಸ ಮೇಷ್ಟ್ರು ಎಲ್ಲರನ್ನೂ ಕೂರಿಸಿ ಒಂದು ಗಂಟೆ ತರಬೇತಿ ಕೊಟ್ಟರು. ಅವರ ಬೆರಳು ಓಡಿದ ವೇಗಕ್ಕೆ ಉಳಿದವರ ಕಣ್ಣು ಓಡಲಿಲ್ಲ. ಆದರೂ ಎಲ್ಲರೂ ತಲೆಯಾಡಿಸಿದರು. ಗಣಿತದ ಟೀಚರು ಮಾತ್ರ ಕೈಯೆತ್ತಿದರು. “ಇನ್ನೊಂದ್ಸಲ ನಿಧಾನಕ್ಕೆ ತೋರಿಸ್ತೀರಾ?”

“ತುಂಬಾ ಸುಲಭ ಮೇಡಂ, ಚಿಕ್ಕ ಮಕ್ಕಳಿಗೂ ಬರುತ್ತೆ,” ಎಂದು ಹೊಸ ಮೇಷ್ಟ್ರು ಸ್ವಿಚ್ ಆರಿಸಿದ್ದರು.

ಮರುದಿನ ಎಂಟನೇ ತರಗತಿಯಲ್ಲಿ ಟೀಚರು ಪಾಠಕ್ಕೆ ಮೊದಲು ಡಸ್ಟರ್ ಎತ್ತಿಕೊಂಡರು. ಬೋರ್ಡು ಒರೆಸದೆ ಪಾಠ ಶುರು ಮಾಡಿದ ಕೈಯಲ್ಲ ಅದು. ಡಸ್ಟರನ್ನೇ ಬೆರಳೆಂದುಕೊಂಡ ಪರದೆ ಪುಟ ಮಗುಚಿತು. ತ್ರಿಕೋನ ಓಡಿತು, ವೃತ್ತ ಬಂತು. ಅದನ್ನು ಒರೆಸಿದರೆ ಮುಂದಿನ ತಿಂಗಳ ಪಾಠವೇ ಬಂದು ನಿಂತಿತು. “ನಿಲ್ಲು, ನಿಲ್ಲು, ಎಲ್ಲಿಗೆ ಓಡ್ತಿದೀಯ? ಇನ್ನೂ ಹಾಜರಿನೇ ಕೂಗಿಲ್ಲ!” ಎಂದು ಟೀಚರು ಪರದೆಯನ್ನೇ ಗದರಿದರು. ಮಕ್ಕಳು ಹೋ ಎಂದವು. ಬಾಗಿಲ ಬಳಿ ಫೋನು ಹಿಡಿದು ನಿಂತ ಹೊಸ ಮೇಷ್ಟ್ರು ಹೊಟ್ಟೆ ಹುಣ್ಣಾಗುವಂತೆ ನಕ್ಕರು. ‘ನಮ್ಮ ತರಬೇತಿಯ ಫಲ’ ಎಂದು ಬರೆದು ಗ್ರೂಪಿಗೆ ಹಾಕಿದರು. ಸಂಜೆಯೊಳಗೆ ಶಾಲೆಯ ಬಸ್ಸಿನ ಡ್ರೈವರೂ ನೋಡಿಯಾಗಿತ್ತು.

ಅದರ ಮರುದಿನ ಸ್ಟಾಫ್‌ರೂಮಿನಲ್ಲಿ ಐದು ತಲೆಗಳು ಒಂದು ಫೋನಿನ ಮೇಲೆ ಬಾಗಿದ್ದವು. “ನಿಲ್ಲು, ನಿಲ್ಲು,” ಎನ್ನುತ್ತಿತ್ತು ಫೋನು. ತಲೆಯೆತ್ತಿದರೆ ಬಾಗಿಲಲ್ಲಿ ಟೀಚರು. ಕೈಯಲ್ಲಿ ಹೊಸ ನೋಟ್‌ಬುಕ್ಕು, ಅದರ ನಡುವೆ ಪೆನ್ನು.

“ಏನು ಮೇಡಂ?” ಎಂದರು ಹೊಸ ಮೇಷ್ಟ್ರು.

“ಏನಿಲ್ಲ, ಹೀಗೇ ಬಂದೆ,” ಎಂದು ತಿರುಗಿ ಹೋದರು.

ಅಂದಿನಿಂದ ಅವರ ಪಿರಿಯಡ್ಡಿನಲ್ಲಿ ಪರದೆ ಹೊತ್ತಿಕೊಳ್ಳಲಿಲ್ಲ. ಪಕ್ಕದ ಕರಿಹಲಗೆಯ ಮೇಲೇ ಸೀಮೆಸುಣ್ಣ ಓಡುತ್ತಿತ್ತು. ಹೆಡ್ಮಾಸ್ಟರು ಕಾರಣ ಕೇಳಿದಾಗ, “ಹಳೇ ಕಾಲದವರು ಸಾರ್, ಕಲಿಯೋ ಮನಸ್ಸಿಲ್ಲ,” ಎಂದವರು ಹೊಸ ಮೇಷ್ಟ್ರೇ.

*

ಈಗ ಅವರು ಗಡಿಯಾರ ರಿಪೇರಿಯ ಯಜಮಾನರ ಕಿವಿಯ ಹತ್ತಿರ ಫೋನು ಹಿಡಿದು ಮಂಡಿಯೂರಿದ್ದರು. “ನಿಲ್ಲು, ನಿಲ್ಲು,” ಎಂದಿತು ಟೀಚರ ದನಿ. ಯಜಮಾನರು ಫೋನಿನತ್ತ ವಾಲಿದರು. ಮುಂದೆ ಏನು ಬರುತ್ತದೆಂದು ಹೊಸ ಮೇಷ್ಟ್ರಿಗೆ ಬಾಯಿಪಾಠವಿತ್ತು. ಬರುವ ಮೊದಲೇ ಸ್ಪೀಕರಿನ ತೂತಿಗೆ ಹೆಬ್ಬೆರಳು ಒತ್ತಿದರು.

“ಬೆರಳು ತೆಗೀರಿ. ಮೊದಲಿಂದ ಹಾಕಿ.”

ಹಾಕಿದರು. ನಗು ಬಂತು.

“ಇದು ಮಕ್ಕಳ ನಗು ಅಲ್ಲ. ಮಕ್ಕಳು ದೂರ ಇದಾರೆ. ಇಷ್ಟು ಹತ್ತಿರ ನಿಂತು ನಗ್ತಿರೋರು ಯಾರು?”

ಡ್ರಾಯಿಂಗ್ ಮೇಷ್ಟ್ರು ಮೊದಲ ಬಾರಿಗೆ ಬಾಯಿ ಮುಚ್ಚಿಕೊಂಡು ಬೆಂಚು ನೋಡತೊಡಗಿದರು. ಯಾರೋ ಒಬ್ಬರು ಎಂದುಬಿಡಬಹುದಿತ್ತು. ಕುರುಡರಿಗೆ ಏನು ಗೊತ್ತಾಗುತ್ತದೆ ಎಂಬ ಯೋಚನೆ ಬಂದದ್ದಕ್ಕೇ ಹೊಸ ಮೇಷ್ಟ್ರಿಗೆ ತಮ್ಮ ಮೇಲೆ ಹೇಸಿಗೆಯಾಯಿತು.

“ನಾನು ಸಾರ್.”

“ಓ. ಹೊಸ ಮೇಷ್ಟ್ರಾ?” ಯಜಮಾನರು ತಲೆಯಾಡಿಸಿದರು. “ಸ್ವಲ್ಪ ನಗು ನಿಲ್ಲಿಸಿ ಸ್ವಾಮಿ. ನಿಮ್ಮ ನಗುವಿನ ಕೆಳಗೆ ಅವಳೇನೋ ಹೇಳ್ತಿದಾಳೆ.”

ಮತ್ತೆರಡು ಸಲ ಹಾಕಿಸಿಕೊಂಡರು. ಕೆಟ್ಟ ಗಡಿಯಾರಕ್ಕೆ ಕಿವಿಯಾನಿಸಿದವರಂತೆ ಕತ್ತು ವಾಲಿಸಿ ಕೇಳಿದರು. ಆಮೇಲೆ ಒಂದೊಂದೇ ಮಾತು ಹೆಕ್ಕಿಕೊಟ್ಟರು.

“‘ನಗಿ, ನಗಿ. ನಾಳೆ ಹೊಸ ಮೇಷ್ಟ್ರ ಹತ್ರ ಕೂತು ಸರಿಯಾಗಿ ಕಲ್ತ್ಕೊಂಡು ಬರ್ತೀನಿ. ಆಮೇಲೆ ನೋಡಿ.’ ಹಾಗಂತಾಳೆ.” ದನಿ ಬಂದ ಕಡೆಗೆ ಮುಖ ತಿರುಗಿಸಿದರು. “ಬಂದಿದ್ಲಾ?”

“ಬಂದಿದ್ರು.”

“ಕಲಿಸಿದ್ರಾ?”

ಹೊಸ ಮೇಷ್ಟ್ರು ಮಲಗಿದವರ ಮುಖವನ್ನು ಆಗ ನೋಡಿದರು. “ಇಲ್ಲ ಸಾರ್,” ಎಂದರು. ಯಜಮಾನರು ಕೈ ಚಾಚಿ ಹೆಂಡತಿಯ ಹೊದಿಕೆಯ ಅಂಚನ್ನು ಸರಿಮಾಡಿದರು.

ಮಧ್ಯಾಹ್ನ ಟೀಚರನ್ನು ಎತ್ತಿಕೊಂಡು ಎಲ್ಲರೂ ಮೆಟ್ಟಿಲಿಳಿದರು. ಹೊಸ ಮೇಷ್ಟ್ರು ಮಾತ್ರ ಎಂಟನೇ ತರಗತಿಯ ಬೆಂಚಿನ ತುದಿಯಲ್ಲಿ ಕೂತು ಫೋನನ್ನು ತಮ್ಮ ಕಿವಿಗೆ ಹಿಡಿದರು. ಟೀಚರ ಮಾತು ಕೇಳಿಸಲಿಲ್ಲ. ದನಿ ಹೆಚ್ಚಿಸಿದರು. ತಮ್ಮ ನಗುವೂ ಹೆಚ್ಚಾಯಿತು. ಇನ್ನೂ ಹೆಚ್ಚಿಸಿದರು.