ಆಣೆಯಿಟ್ಟು ಬಿಡುವುದು

ನಿಘಂಟು ಕಚೇರಿಯಲ್ಲಿ ಒಂದು ಬದಿ ಬರೆದ ಹಾಳೆಯನ್ನು ಎಸೆಯುವ ಪದ್ಧತಿ ಇರಲಿಲ್ಲ. ಅದನ್ನು ನಾಲ್ಕು ಚೀಟಿಗಳಾಗಿ ಕತ್ತರಿಸಿ, ಖಾಲಿ ಬೆನ್ನಿನ ಮೇಲೆ ಪದದ ಮೂಲ, ಅರ್ಥ, ಕೆಳಗೆ ಅರ್ಥ ಹೇಳಿದವರ ಹೆಸರು ಬರೆಯುವುದು ಅಲ್ಲಿನ ಶಿಸ್ತು. ಹನ್ನೊಂದು ವರ್ಷಗಳಲ್ಲಿ ಉಪಸಂಪಾದಕಿಗೆ ಅದು ನೀರು ಕುಡಿದಷ್ಟು ಸಲೀಸಾಗಿತ್ತು.

ಆ ಬೆಳಿಗ್ಗೆ ಪ್ರಧಾನ ಸಂಪಾದಕರು, ಎಂದರೆ ಅವಳ ಸ್ವಂತ ಸೋದರಮಾವ, ಟೈಪು ಮಾಡಿಸಿದ ಹಾಳೆಯೊಂದನ್ನು ಅವಳ ಮೇಜಿನ ಮೇಲಿಟ್ಟರು. ನಿಘಂಟಿಗಾಗಿ ಮೂವತ್ತು ವರ್ಷ ದುಡಿದು ತೀರಿಕೊಂಡ ಮೇಷ್ಟ್ರ ಹೆಸರನ್ನು ಅದರ ಮುಖಪುಟದಿಂದ ಕಿತ್ತು, ಮಾವ ತಮ್ಮ ಹೆಸರು ಹಾಕಿಕೊಂಡಿದ್ದಾರೆಂದು ಅವಳು ಆಡಳಿತ ಮಂಡಳಿಯ ಮುಂದೆ ಹೇಳಿದ್ದಳು. ಹೇಳಿದ್ದು ಸುಳ್ಳೆಂದು ಪ್ರಮಾಣ ಮಾಡುವ ಹಾಳೆ ಅದು.

“ಸಂಜೆಯೊಳಗೆ ಸಹಿ ಹಾಕಮ್ಮ. ಇಲ್ಲಾಂದ್ರೆ ನಾಳೆಯಿಂದ ಈ ಕುರ್ಚಿ ನಿಂದಲ್ಲ.”

“ಬರೆದದ್ದು ಮೇಷ್ಟ್ರು ಅಂತ ನಿಮಗೂ ಗೊತ್ತು, ಮಾವ.”

“ಸತ್ತವರಿಗೆ ಯಾತರ ಹೆಸರು? ಎದ್ದು ಬಂದು ಓದ್ತಾರಾ?”

“ಬದುಕಿರೋ ನೀವು ಓದಿದೀರಾ?”

ಮಾವ ದುರುಗುಟ್ಟಿ ನೋಡಿ ಹೊರಟುಹೋದರು.

ಅಂದು ಅವಳ ಪಾಲಿಗೆ ಬಂದಿದ್ದ ಪದ ಇಂಗ್ಲಿಷಿನ ‘ಅಬ್ಜ್ಯೂರ್’. ಮೂಲ ಲ್ಯಾಟಿನ್: ‘ಅಬ್’ ಎಂದರೆ ದೂರ, ‘ಯೂರಾರೆ’ ಎಂದರೆ ಆಣೆಯಿಡು; ಒಟ್ಟಿನಲ್ಲಿ, ಹಿಂದೆ ಆಡಿದ್ದನ್ನು ಆಣೆಯಿಟ್ಟು ಬಿಡುವುದು. ಹಳೆಯ ಕರಡಿನ ಅಂಚಿನಲ್ಲಿ ಮೇಷ್ಟ್ರ ಪೆನ್ಸಿಲಿನ ಅಕ್ಷರಗಳಿದ್ದವು: ‘ಬರಿದೆ ಬಿಡುವುದಲ್ಲ. ಬಿಟ್ಟವನು ಸುಮ್ಮನಿರಬಹುದು, ಇವನು ಬಾಯಿಬಿಟ್ಟು ಆಣೆಯಿಡಬೇಕು.’ ಅವಳು ಕೈಗೆ ಸಿಕ್ಕ ಹಾಳೆಯನ್ನು ಕತ್ತರಿಸಿ, ಮೇಷ್ಟ್ರ ಮಾತನ್ನು ಅಂದವಾಗಿ ನಕಲು ಮಾಡಿದಳು. ಶಾಯಿ ಆರಲೆಂದು ಚೀಟಿಯನ್ನೆತ್ತಿದಾಗ ಇನ್ನೊಂದು ಬದಿಯಲ್ಲಿ ಕಂಡದ್ದು ‘ನಾನು ಹೇಳಿದ್ದು ಸುಳ್ಳೆಂದು’ ಎಂಬ ಅರ್ಧ ಸಾಲು.

ಕತ್ತರಿಸಿದ್ದು ಮಾವ ಇಟ್ಟುಹೋದ ಹಾಳೆಯನ್ನೇ. ಮನೆಯ ಬಾಡಿಗೆ, ತಾಯಿಯ ಔಷಧಿ, ಎಲ್ಲವೂ ಆ ಕುರ್ಚಿಯ ಮೇಲೆಯೇ ನಿಂತಿದ್ದವು. ಮಾವ ‘ಸುಮ್ಮನಿರು’ ಎಂದಿದ್ದರೆ ಅವಳು ಬಹುಶಃ ಸುಮ್ಮನಿರುತ್ತಿದ್ದಳು. ಅನ್ಯಾಯದ ಹೊಟ್ಟೆ ಮೌನದಿಂದ ತುಂಬುವುದಿಲ್ಲ. ಅದಕ್ಕೆ ನಮ್ಮ ನಾಲಿಗೆಯೇ ಬೇಕು.

ಐದು ಗಂಟೆಗೆ ಮಾವ ಬಂದರು.

“ಹಾಳೆ ಎಲ್ಲಿ?”

“ಕತ್ತರಿಸಿಬಿಟ್ಟೆ. ಅಭ್ಯಾಸಬಲ.”

“ತಲೆ ನೆಟ್ಟಗಿದೆಯೇನೇ? ಇರು, ಇನ್ನೊಂದು ಟೈಪ್ ಮಾಡಿಸ್ತೀನಿ.”

“ಮಾಡಿಸಿ ಮಾವ. ಚೀಟಿಗೆ ಕಾಗದ ಸಾಲ್ತಾ ಇರಲಿಲ್ಲ.”

ಮಾವನ ಮುಖ ಇಂಗು ತಿಂದ ಮಂಗನಂತಾಯಿತು. ಅವಳು ಚೀಟಿಯ ಕೆಳಗೆ ಮೇಷ್ಟ್ರ ಹೆಸರನ್ನು ಪೂರ್ತಿಯಾಗಿ ಬರೆದು, ಅದನ್ನು ಚೀಟಿಗಳ ಡಬ್ಬಿಯಲ್ಲಿ ಅದರ ಸ್ಥಾನಕ್ಕೆ ಸೇರಿಸಿದಳು. ಕನ್ನಡಕವನ್ನು ಚೀಲಕ್ಕೆ ಹಾಕಿಕೊಂಡಳು. ಕುರ್ಚಿಯನ್ನು ಮೇಜಿನ ಕೆಳಗೆ ನೇರವಾಗಿ ಸರಿಸಿಟ್ಟು, ಮೆಟ್ಟಿಲಿಳಿದಳು.