ಬಿಸಿ ಮುಟ್ಟದ ಹಬ್ಬ

ಹೋಟೆಲುಗಳ ಹಾಸಿಗೆ ಬಟ್ಟೆ ಒಗೆದು ಇಸ್ತ್ರಿ ಮಾಡುವ ಆ ಶೆಡ್ಡಿನಲ್ಲಿ ಪರದೇಶದವಳೆಂದರೆ ಅಕ್ಕ ಒಬ್ಬಳೇ. ವರ್ಷಕ್ಕೊಂದು ದಿನ ಅವಳ ದೇಶದ ಹಬ್ಬಕ್ಕೆ ರಜೆಯೆಂದು ಸೂಪರ್‌ವೈಸರಮ್ಮ ಮಾಲೀಕನ ಜೊತೆ ಜಗಳವಾಡಿ ಅವಳಿಗೆ ಕೊಡಿಸಿದ್ದಳು. ಅಕ್ಕ ಅದನ್ನು ಹಬ್ಬಕ್ಕೇ ಇಟ್ಟುಕೊಳ್ಳಬಹುದಿತ್ತು. ಆದರೆ ಸೊಂಟ ಹಿಡಿದುಕೊಂಡಿದ್ದ ಒಂದು ಸಂಜೆ, ಹೊದ್ದು ಮಲಗಿದರೆ ಸಾಕೆನ್ನಿಸಿ, "ನಾಳೆ ನಮ್ಮ ಹಬ್ಬ" ಎಂದುಬಿಟ್ಟಳು.

"ಆ ಹಬ್ಬದಲ್ಲಿ ಏನ್ ಮಾಡ್ತೀರಿ?" ಎಂದಳು ಸೂಪರ್‌ವೈಸರಮ್ಮ.

ಅಕ್ಕ ಕೈಯಲ್ಲಿದ್ದ ಇಸ್ತ್ರಿಪೆಟ್ಟಿಗೆ ನೋಡಿದಳು. "ಹೆಂಗಸರು ಅವತ್ತು ಬಿಸಿ ಏನೂ ಮುಟ್ಟಲ್ಲ. ಒಲೆ ಹಚ್ಚಲ್ಲ. ಉಳಿದವರೇ ನಮಗೆ ಬಡಿಸ್ತಾರೆ."

ಸುಳ್ಳು ಹೇಳುವವರು ಇಷ್ಟು ಚೆಂದವಾಗಿ ಹೇಳಬಾರದು. ಮರುವರ್ಷ ಆ ದಿನವನ್ನು ಅಕ್ಕನೇ ಮರೆತಿದ್ದಳು, ಶೆಡ್ಡು ಮರೆತಿರಲಿಲ್ಲ. ಇಸ್ತ್ರಿ ಮೇಜಿನ ಮೇಲೆ ಬಿಳಿ ಹಾಸು ಹಾಸಿ, ಹಣ್ಣು, ತಣ್ಣನೆ ಹಾಲು, ಬ್ರೆಡ್ಡು ಜೋಡಿಸಿ ಅವಳನ್ನು ಕುರ್ಚಿಯಲ್ಲಿ ಕೂರಿಸಿದರು. ಬಾಯ್ಲರ್ ನೋಡಿಕೊಳ್ಳುವವನು ಕೈತೊಳೆದು ಬಂದು ತಾನೇ ಬಡಿಸಿದ. "ನಿಮ್ಮೋರು ದೂರ ಇದಾರೆ, ನಾವಿಲ್ವಾ? ತಿಂದು ಮನೆಗೆ ಹೋಗು." ನೆಲ ಬಾಯಿಬಿಟ್ಟು ನುಂಗಬಾರದೇ ಎನ್ನಿಸಿತು ಅಕ್ಕನಿಗೆ. ಆದರೂ ತಿಂದಳು.

ಮೂರನೆಯ ವರ್ಷ ಅವಳ ದೇಶದ, ಅವಳ ಭಾಷೆಯವಳೇ ಇನ್ನೊಬ್ಬಳು ಕೆಲಸಕ್ಕೆ ಸೇರಿದಳು. ಕೈಗೂಸಿನ ತಾಯಿ, ಇನ್ನೂ ಹುಡುಗಿ. ಆ ದಿನ ಸೂಪರ್‌ವೈಸರಮ್ಮ ಇಬ್ಬರಿಗೂ ತಟ್ಟೆ ಕೊಟ್ಟು, "ನಿಮ್ಮನೇಲೂ ಈ ಹಬ್ಬ ಮಾಡ್ತೀರಲ್ವಾ?" ಎಂದು ಕೇಳಿದಳು. ಹುಡುಗಿ ಅಕ್ಕನ ಮುಖ ನೋಡಿದಳು. ಅದರ ಬಣ್ಣ ಇಳಿದುಹೋಗಿತ್ತು.

"ಮಾಡ್ತೀವಿ," ಎಂದಳು. ಇಬ್ಬರ ಆ ವರ್ಷದ ರಜೆಯೂ ಅಲ್ಲಿಗೆ ಮುಗಿಯಿತು.

ಹೊರಗೆ ಬಂದ ಮೇಲೆ ಅವಳೇ ನಕ್ಕಳು. "ಇಂಥ ಹಬ್ಬ ನಿಜವಾಗ್ಲೂ ಇದ್ದಿದ್ರೆ ನಮ್ಮಮ್ಮ ಬದುಕ್ಕೊಳ್ತಿದ್ಲು ಅಕ್ಕ."

ಎರಡು ತಿಂಗಳಿಗೆ ನಿಜವಾದ ಹಬ್ಬ ಬಂತು. ಮಗುವಿಗೆ ಅದೇ ಮೊದಲನೆಯದು. ಎಣ್ಣೆ ಹಚ್ಚಿ ನೀರೆರೆದು, ತಾನೇ ಹೊಲಿದ ಲಂಗ ತೊಡಿಸಿ, ಇಡೀ ದಿನ ತೊಡೆಯ ಮೇಲಿಟ್ಟುಕೊಳ್ಳಬೇಕೆಂದು ಹುಡುಗಿಯ ಆಸೆ. ರಜೆ ಕೇಳಿದಳು.

"ನಿನ್ನದು ಆಗೋಯ್ತಲ್ಲಮ್ಮ," ಎಂದಳು ಸೂಪರ್‌ವೈಸರಮ್ಮ, ನಿಜಕ್ಕೂ ಬೇಜಾರಾಗಿ. "ಇನ್ನೊಂದು ಕೇಳಿದ್ರೆ ಮಾಲೀಕ ಇರೋದನ್ನೂ ಕಿತ್ಕೋತಾನೆ."

ಹಾಸು ಮಡಿಸುತ್ತಿದ್ದ ಅಕ್ಕ ಅದನ್ನು ಹಾಗೇ ಬಿಟ್ಟು ಆಫೀಸಿನ ಕಡೆ ನಡೆದಳು. ಹುಡುಗಿ ಬಾಯ್ಲರ್ ಹತ್ತಿರ ಅವಳ ರಟ್ಟೆ ಹಿಡಿದಳು.

"ಎಲ್ಲಿಗೆ?"

"ಹೇಳಿಬಿಡ್ತೀನಿ. ಸುಳ್ಳು ನಂದು."

"ಹೌದು ಅಂದಿದ್ದು ನಾನೂ ಅಲ್ವಾ? ಸೇರಿ ಇನ್ನೂ ನಾಲ್ಕು ತಿಂಗಳಾಗಿಲ್ಲ, ನನ್ನನ್ನ ಯಾರು ನಂಬ್ತಾರೆ? ಕೆಲಸ ಹೋದ್ರೆ? ಸುಮ್ನಿರಿ ಅಕ್ಕ."

ಅಕ್ಕನಿಗೆ ಮೊದಲು ಆದದ್ದು ಸಮಾಧಾನ. ನಾಚಿಕೆ ಆಮೇಲೆ ಬಂತು. ಬಂದದ್ದು ಹೋಗಲಿಲ್ಲ.

ಹಬ್ಬದ ದಿನ ಮಗು ಹೊಸ ಲಂಗ ತೊಟ್ಟು ಶಿಶುವಿಹಾರದಲ್ಲಿತ್ತು, ತಾಯಿ ಬಿಸಿ ಹಾಸುಗಳ ಮುಂದೆ ನಿಂತಿದ್ದಳು. ಮಧ್ಯಾಹ್ನ ಡಬ್ಬಿ ತೆರೆದು ಎಲ್ಲರಿಗೂ ಸಿಹಿ ಹಂಚಿದಳು.

"ಏನು ವಿಶೇಷ?" ಎಂದ ಬಾಯ್ಲರಿನವನು.

ಹುಡುಗಿ ಅಕ್ಕನ ಕಡೆ ನೋಡಲಿಲ್ಲ. "ಏನಿಲ್ಲ. ಮಗಳಿಗೆ ಹಲ್ಲು ಬಂತು."

ಎಲ್ಲರೂ ಖುಷಿಪಟ್ಟರು. ಸೂಪರ್‌ವೈಸರಮ್ಮ ಅವಳ ಬೆನ್ನು ತಟ್ಟಿದಳು. ಡಬ್ಬಿ ಕೊನೆಗೆ ಅಕ್ಕನ ಮುಂದೆ ಬಂತು. ಹಬ್ಬ ಚೆನ್ನಾಗಾಯಿತೇ ಎಂದು ತಮ್ಮ ಭಾಷೆಯಲ್ಲಿ ಮೆಲ್ಲಗೆ ಕೇಳಬಹುದಿತ್ತು, ಉಳಿದವರಿಗೆ ಅರ್ಥವಾಗುತ್ತಿರಲಿಲ್ಲ. ಆದರೆ ಯಾವ ಮುಖ ಇಟ್ಟುಕೊಂಡು ಕೇಳುವುದು? ಒಂದು ಚೂರು ತೆಗೆದುಕೊಂಡು, ಎಲ್ಲರಿಗೂ ಕೇಳುವಂತೆ, ಎಲ್ಲರ ಭಾಷೆಯಲ್ಲೇ ಕೇಳಿದಳು:

"ಮೇಲಿನ ಹಲ್ಲೋ, ಕೆಳಗಿಂದೋ?"

"ಕೆಳಗಿಂದು," ಎಂದು ಹುಡುಗಿ ಡಬ್ಬಿ ಮುಚ್ಚಿದಳು.